ಬಿಬಿಸಿ ಮೈಕ್ರೋ ಪವರ್ ಸಪ್ಲೈಗೆ ಮೂರು ಕೆಪಾಸಿಟರ್ ಕಿಟ್: ತುಮಕೂರಿನ ಕರೆಂಟಿಗೆ ತಾಳುತ್ತದೆಯೇ?

ಶಾಲೆಯ ಸ್ಟೋರ್ ರೂಮಿನಿಂದಲೋ ಗುಜರಿಯಿಂದಲೋ ಬಿಬಿಸಿ ಮೈಕ್ರೋ ಎಂಬ ಹಳೆಯ ಕಂಪ್ಯೂಟರೊಂದು ಕೈಗೆ ಸಿಕ್ಕಿದರೆ ಮೊದಲು ಮನಸ್ಸಾಗುವುದು ಪ್ಲಗ್ ಚುಚ್ಚಿ ಸ್ವಿಚ್ ಹಾಕಲು. ದಯವಿಟ್ಟು ಹಾಕಬೇಡಿ. ನಲವತ್ತು ವರ್ಷ ತಣ್ಣಗೆ ಕೂತಿದ್ದ ಈ ಯಂತ್ರ ಮೊದಲ ಹತ್ತು ಹದಿನೈದು ನಿಮಿಷ ಚೆನ್ನಾಗಿಯೇ ಓಡಬಹುದು. ಆಮೇಲೆ ಎಡಬದಿಯಿಂದ ಒಂದು 'ಫಟ್' ಸದ್ದು, ಹಿಂದೆಯೇ ಕಂದು ಬಣ್ಣದ ದಟ್ಟ ಹೊಗೆ. ಆ ವಾಸನೆ ಕೋಣೆಯಿಂದ ಹೋಗಲು ಎರಡು ಮೂರು ದಿನ ಬೇಕು. ಇದಕ್ಕೆ ಮದ್ದಾಗಿ ಬ್ರಿಟನ್ನಿನಿಂದ ತರಿಸಿಕೊಳ್ಳುವ ಮೂರು ಕೆಪಾಸಿಟರ್‌ಗಳ ರಿಪೇರಿ ಕಿಟ್‌ನ ವಿಮರ್ಶೆ ಇದು. ಕಿಟ್ ಒಳ್ಳೆಯದು, ಮಾಡಬೇಕಾದ ಕೆಲಸ ಮಾಡುತ್ತದೆ. ಆದರೆ ಅದನ್ನು ಹೊಂದಿಸಿದವರ ಕಣ್ಣೆದುರು ಇದ್ದದ್ದು ಅವರ ಊರಿನ ಕರೆಂಟು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕರೆಂಟಿಗೆ ಹಾಕುವುದಾದರೆ ಎರಡು ಬಿಡಿಭಾಗ ಬದಲಿಸಿ, ಒಂದು ಫ್ಯೂಸ್ ಸೇರಿಸಬೇಕು. 5ಕ್ಕೆ 3.5 ಅಂಕ.

ಈ ಯಂತ್ರ ನಮ್ಮ ಕಡೆ ಸಿಗುವುದಕ್ಕೆ ಕಾರಣವಿದೆ. ಏಕಾರ್ನ್ ಕಂಪನಿ 1981ರ ಕೊನೆಗೆ ಹೊರತಂದ ಬಿಬಿಸಿ ಮೈಕ್ರೋವನ್ನೇ 1984–85ರಲ್ಲಿ ಶುರುವಾದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಗೆ ಆರಿಸಿಕೊಂಡರು. ಅನೇಕ ಮೇಷ್ಟ್ರುಗಳು, ಮಕ್ಕಳು ಮೊದಲು ಮುಟ್ಟಿದ ಕಂಪ್ಯೂಟರ್ ಇದೇ. ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಇದನ್ನೇ 'ಯೂನಿಕಾರ್ನ್' ಹೆಸರಿನಲ್ಲಿ ಇಲ್ಲಿ ತಯಾರಿಸಿತು. 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್, ಮಾಡೆಲ್ ಬಿ ಆದರೆ 32 ಕಿಲೋಬೈಟ್ ಮೆಮೊರಿ. ಕಟ್ಟುಮಸ್ತಾದ ಯಂತ್ರ. ಕೀಬೋರ್ಡು ಇವತ್ತಿಗೂ ಗಟ್ಟಿ. ಮೊದಲು ಕೈಕೊಡುವುದು ಪವರ್ ಸಪ್ಲೈ, ಅದರಲ್ಲೂ ಎರಡು ಸಣ್ಣ ಕೆಪಾಸಿಟರ್‌ಗಳು.

ಆ ಎರಡರ ಹೆಸರು ರೀಫಾ, ಅದು ತಯಾರಿಸಿದ ಕಂಪನಿಯ ಹೆಸರು. ಜೇನಿನ ಬಣ್ಣದ ಪಾರದರ್ಶಕ ಡಬ್ಬಿ, ಒಳಗೆ ಸುತ್ತಿದ ಕಾಗದ ಕಾಣುತ್ತದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ನೇರವಾಗಿ ಕೂತು, ಸ್ವಿಚಿಂಗ್ ಸರ್ಕ್ಯೂಟಿನ ಗದ್ದಲ ಮನೆಯ ವೈರಿಂಗಿಗೆ ಹೋಗದಂತೆ ತಡೆಯುವುದು ಇವುಗಳ ಕೆಲಸ. ಟಾರ್ಚ್ ಬಿಟ್ಟು ಹತ್ತಿರದಿಂದ ನೋಡಿ: ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಹಾಗೆ ಮೈತುಂಬ ಕೂದಲೆಳೆಯ ಬಿರುಕು. ವಯಸ್ಸಾದಂತೆ ಮೇಲಿನ ಎಪಾಕ್ಸಿ ಹೀಗೆ ಬಿರಿಯುತ್ತದೆ. ಬಿರುಕಿನಲ್ಲಿ ಗಾಳಿಯ ತೇವ ಇಳಿದು ಕಾಗದ ಅದನ್ನು ಹೀರಿಕೊಳ್ಳುತ್ತದೆ. ಕರೆಂಟು ಕೊಟ್ಟಾಗ ಒದ್ದೆ ಕಾಗದದ ಮೂಲಕ ಸೋರಿಕೆ ಶುರುವಾಗಿ, ಕಾಗದ ಕಾದು, ಸೋರಿಕೆ ಹೆಚ್ಚಿ, ಕೊನೆಗೆ ಒಡೆಯುತ್ತದೆ. ಬಿರುಕು ಕಾಣದಿದ್ದರೂ ನಂಬಬೇಡಿ. ಮೀಟರಿನಲ್ಲಿ ಸರಿಯಾದ ಫ್ಯಾರಡ್ ಅಳತೆ ತೋರಿಸಿದರೂ ನಂಬಬೇಡಿ, ಮೀಟರು ಅಳೆಯುವುದು ಕೆಲವೇ ವೋಲ್ಟಿನಲ್ಲಿ, ಸೋರಿಕೆ ಎದ್ದು ಕಾಣುವುದು 230 ವೋಲ್ಟಿನಲ್ಲಿ. ಬಹಳ ಸಲ ರೀಫಾ ಸುಟ್ಟ ಮೇಲೂ ಕಂಪ್ಯೂಟರ್ ಓಡುತ್ತಲೇ ಇರುತ್ತದೆ, ಏಕೆಂದರೆ ಇದು ಬರೀ ಫಿಲ್ಟರ್. ಅದನ್ನು ನೋಡಿ 'ಏನೂ ಆಗಿಲ್ಲ' ಅಂದುಕೊಳ್ಳುವುದು ತಪ್ಪು. ಒಂದು ಹೋದ ಮೇಲೆ ಇನ್ನೊಂದರ ಸರದಿ.

ಕಿಟ್‌ನಲ್ಲಿ ಬರುವುದು ಇಷ್ಟು: ಬೋರ್ಡಿನ ಮೇಲೆ ಸಿ1 ಎಂದು ಗುರುತಿರುವ ಜಾಗಕ್ಕೆ 100 ನ್ಯಾನೋಫ್ಯಾರಡ್ ಎಕ್ಸ್2 (ಮನೆಯ ಕರೆಂಟಿಗೆ ಅಡ್ಡಲಾಗಿ ಕೂರಿಸಲೆಂದೇ ಮಾಡಿದ ಸುರಕ್ಷತಾ ದರ್ಜೆ), ಸಿ2ರ ಜಾಗಕ್ಕೆ 10 ನ್ಯಾನೋಫ್ಯಾರಡ್ ಎಕ್ಸ್2, ಸಿ9ರ ಜಾಗಕ್ಕೆ 220 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್. ಹೊಸ ಎಕ್ಸ್2 ಎರಡೂ ಪಾಲಿಪ್ರೊಪಿಲೀನ್ ಫಿಲ್ಮಿನವು, ಕಾಗದವಲ್ಲ. ಆದ್ದರಿಂದ ಹೊಗೆಯ ಸಮಸ್ಯೆ ಬೇರುಸಮೇತ ಹೋಗುತ್ತದೆ. ಮೂರನೆಯದನ್ನೂ ಸೇರಿಸಿರುವುದು ಅನುಭವಸ್ಥರ ಕೆಲಸ. ಸಣ್ಣ ಎಲೆಕ್ಟ್ರೋಲಿಟಿಕ್‌ಗಳು ಒಳಗೆ ಒಣಗಿ, ಸಪ್ಲೈ ತಣ್ಣಗಿದ್ದಾಗ ಏಳದೆ ಸತಾಯಿಸುವುದು ಎರಡನೆಯ ಸಾಮಾನ್ಯ ಕಾಯಿಲೆ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ಈ ಕಿಟ್ ಸ್ವಿಚ್ ಮೋಡ್ ಸಪ್ಲೈಗೆ, ಅಂದರೆ ಕರೆಂಟನ್ನು ವೇಗವಾಗಿ ಕಡಿದು ಕಡಿದು ವೋಲ್ಟೇಜು ಇಳಿಸುವ ಬಗೆಗೆ ಮಾತ್ರ. ಮೊದಮೊದಲ ಕೆಲವು ಯಂತ್ರಗಳಲ್ಲಿ ಕಪ್ಪು ಪೆಟ್ಟಿಗೆಯ ಲೀನಿಯರ್ ಸಪ್ಲೈ ಇತ್ತು, ಅದು ವಿಪರೀತ ಕಾಯುತ್ತಿತ್ತು. ನಿಮ್ಮದು ಅದಾಗಿದ್ದರೆ ಈ ಕಿಟ್‌ಗೆ ದುಡ್ಡು ಹಾಕಬೇಡಿ.

ಇನ್ನು ತಕರಾರು. ಕಿಟ್‌ನ ಎಕ್ಸ್2 ಕೆಪಾಸಿಟರ್ 275 ವೋಲ್ಟ್ ಎಸಿಯದು. 230 ವೋಲ್ಟು ಸ್ಥಿರವಾಗಿ ಬರುವ ಮನೆಗೆ ಅದು ಧಾರಾಳ. ನಮ್ಮ ತಾಲ್ಲೂಕುಗಳ ಕಥೆಯೇ ಬೇರೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಬಿಟ್ಟಾಗ ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜು ಕುಸಿಯುತ್ತದೆ. ಮೋಟರುಗಳೆಲ್ಲ ಒಟ್ಟಿಗೆ ನಿಂತಾಗ ಎಗರುತ್ತದೆ. ನಡುರಾತ್ರಿ ಲೋಡ್ ಇಳಿದ ಮೇಲೆ ಮೀಟರ್ ಹಿಡಿದರೆ 250 ದಾಟಿರುವುದು ಅಪರೂಪವಲ್ಲ. ಫಿಲ್ಮ್ ಕೆಪಾಸಿಟರಿಗೆ ಹೀಗೆ ಮೇಲಿಂದ ಮೇಲೆ ಪೆಟ್ಟು ಬಿದ್ದರೆ ಒಳಗಿನ ಲೋಹದ ಪದರ ಚುಕ್ಕೆ ಚುಕ್ಕೆಯಾಗಿ ಕರಗಿ, ಫ್ಯಾರಡ್ ಅಳತೆ ಮೆಲ್ಲಗೆ ಇಳಿಯುತ್ತದೆ. ಹಾಗಾಗಿ ಸಿ1, ಸಿ2 ಎರಡಕ್ಕೂ 305 ಅಥವಾ 310 ವೋಲ್ಟ್ ಎಸಿ ಎಂದು ಮೈಮೇಲೆ ಬರೆದಿರುವ ಎಕ್ಸ್2 ಹಾಕುವುದು ಮೇಲು. ಬೆಲೆಯ ವ್ಯತ್ಯಾಸ ನಗಣ್ಯ. ಗಾತ್ರವೂ ಹೆಚ್ಚು ಬೇರೆಯಿಲ್ಲ.

ಹಾಗಾದರೆ ಕಿಟ್ ಯಾಕೆ ಬೇಕು, ಬಿಡಿಯಾಗಿ ಕೊಳ್ಳಬಹುದಲ್ಲ? ಕೊಳ್ಳಬಹುದು. ಕಿಟ್‌ನ ಬೆಲೆಗಿಂತ ಸಾಗಣೆ ಖರ್ಚೇ ಜಾಸ್ತಿ ಬೀಳುತ್ತದೆ. 100 ನ್ಯಾನೋಫ್ಯಾರಡ್ ಎಕ್ಸ್2 ಹಳೆಯ ಟಿವಿಗಳ ಫಿಲ್ಟರಿನಲ್ಲೂ ಇರುವ ಮಾಲು, ತುಮಕೂರಿನಲ್ಲಿ ಟಿವಿ ರಿಪೇರಿ ಮಾಡುವ ಅಂಗಡಿಗಳಲ್ಲಿ ಕೇಳಿ ನೋಡಿ. ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡು ಇದ್ದೇ ಇದೆ. ಕೇಳುವಾಗ ಮಾತ್ರ ಸ್ಪಷ್ಟವಾಗಿ ಕೇಳಬೇಕು. 100 ನ್ಯಾನೋ ಎಂದರೆ ಮೈಮೇಲೆ 104 ಅಥವಾ 0.1 ಎಂದಿರುತ್ತದೆ, 10 ನ್ಯಾನೋ ಎಂದರೆ 103 ಅಥವಾ 0.01. ಬರೀ 'ನೂರನಾಲ್ಕು ಕೊಡಿ' ಎಂದರೆ 400 ವೋಲ್ಟಿನ ಸಾಮಾನ್ಯ ಪಾಲಿಯೆಸ್ಟರ್ ಕೆಪಾಸಿಟರ್ ಕೈಗೆ ಬರುತ್ತದೆ. ಅದರ 400 ಡಿಸಿ ಲೆಕ್ಕ, ಮೇನ್ಸ್‌ಗೆ ಅಡ್ಡಲಾಗಿ ಕೂರಿಸಲು ಮಾಡಿದ್ದಲ್ಲ. 630 ವೋಲ್ಟಿನದೂ ಬೇಡ. 'ಎಕ್ಸ್2' ಎಂಬ ಗುರುತು, ಪಕ್ಕದಲ್ಲಿ ಎಸಿ ವೋಲ್ಟೇಜು, ಸುರಕ್ಷತಾ ಸಂಸ್ಥೆಗಳ ಸಣ್ಣ ಮುದ್ರೆಗಳು, ಇವಿಷ್ಟೂ ಮೈಮೇಲೆ ಇರಬೇಕು. ಹಳೆಯ ಬೋರ್ಡಿನಿಂದ ಬಿಚ್ಚಿದ ಎಕ್ಸ್2 ಹಾಕುವುದು ಶುದ್ಧ ತಪ್ಪು, ಅದರ ಆಯಸ್ಸು ಎಷ್ಟು ಸವೆದಿದೆಯೋ ಗೊತ್ತಾಗುವುದಿಲ್ಲ. ಎಲೆಕ್ಟ್ರೋಲಿಟಿಕ್ ತೆಗೆದುಕೊಳ್ಳುವಾಗ 105 ಡಿಗ್ರಿಯದನ್ನೇ ಕೇಳಿ. ಮೂಲದ್ದು 10 ವೋಲ್ಟಿನದು, 16 ಅಥವಾ 25 ವೋಲ್ಟಿನದು ಹಾಕಿದರೆ ತೊಂದರೆಯಿಲ್ಲ. ಅಂಗಡಿಗೆ ಹೋಗುವ ಮುಂಚೆ ಹಳೆಯ ಕೆಪಾಸಿಟರ್‌ಗಳ ಕಾಲುಗಳ ಅಂತರ ಸ್ಕೇಲಿನಲ್ಲಿ ಅಳೆದುಕೊಳ್ಳಿ. ಹೊಸ ಫಿಲ್ಮಿನವು ಸಾಮಾನ್ಯವಾಗಿ ಚಿಕ್ಕವು, ಕಾಲು ಬಾಗಿಸಿ ಕೂರಿಸಬೇಕಾಗುತ್ತದೆ. ಬಾಗಿಸಿದ ಬರಿಗಾಲಿಗೆ ಸ್ಲೀವ್ (ಇನ್ಸುಲೇಷನ್ ಕೊಳವೆ) ಬೇಕು. ಕಿಟ್‌ನಲ್ಲಿ ಸ್ಲೀವ್ ಕೊಟ್ಟಿಲ್ಲ, ಅದಕ್ಕೆ ಅರ್ಧ ಅಂಕ ಕಳೆದಿದ್ದೇವೆ.

ಬಿಚ್ಚುವ ಕ್ರಮ. ಸಾಕೆಟ್ಟಿನಿಂದ ಪ್ಲಗ್ ಕಿತ್ತು ಅರ್ಧ ಗಂಟೆ ಬಿಡಿ. ಸ್ವಿಚ್ ಆರಿಸಿದರೆ ಸಾಲದು, ನಮ್ಮ ಹಳೆಯ ವೈರಿಂಗಿನಲ್ಲಿ ಫೇಸ್ ನ್ಯೂಟ್ರಲ್ ಅದಲು ಬದಲಾಗಿರುವ ಬೋರ್ಡುಗಳು ಬಹಳ. ಯಂತ್ರದ ಮುಚ್ಚಳಕ್ಕೆ ನಾಲ್ಕು ಸ್ಕ್ರೂ: ಹಿಂದೆ ಎರಡು, ಅಡಿಯಲ್ಲಿ ಎರಡು, ಪಕ್ಕದಲ್ಲೇ 'ಫಿಕ್ಸ್' ಎಂದು ಅಚ್ಚಾಗಿರುತ್ತದೆ. ಮುಚ್ಚಳ ತೆಗೆದರೆ ಎಡಕ್ಕೆ ಲೋಹದ ಪೆಟ್ಟಿಗೆ, ಅದೇ ಸಪ್ಲೈ. ಅಲ್ಲಿಂದ ಮದರ್‌ಬೋರ್ಡಿಗೆ ಏಳು ವೈರು ಹೋಗುತ್ತವೆ: ಮೂರು ಕೆಂಪು, ಮೂರು ಕಪ್ಪು, ಒಂದು ನೇರಳೆ. ಕೆಂಪು +5 ವೋಲ್ಟ್, ಕಪ್ಪು ಸೊನ್ನೆ, ನೇರಳೆ −5. ಕೀಳುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಲೇಬೇಕು. ಮತ್ತೆ ಹಾಕುವಾಗ ಕೆಂಪು ಕಪ್ಪು ಅದಲಾದರೆ ಬೋರ್ಡಿನ ಐಸಿಗಳು ಒಂದೇ ಕ್ಷಣದಲ್ಲಿ ಹೋಗುತ್ತವೆ, ಆ ನಷ್ಟಕ್ಕೆ ಯಾವ ಕಿಟ್ಟೂ ಇಲ್ಲ. ವೈರು ಎಳೆಯಬೇಡಿ, ತುದಿಯ ಚಪ್ಪಟೆ ಕನೆಕ್ಟರನ್ನು ಮೂಗುಮೊನೆ ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸುತ್ತ ಬಿಡಿಸಿ. ಅಡಿಯ ಮೂರು ಸ್ಕ್ರೂ ಬಿಚ್ಚಿದರೆ ಪೆಟ್ಟಿಗೆ ಹೊರಗೆ ಬರುತ್ತದೆ.

ಪೆಟ್ಟಿಗೆಯ ಮುಚ್ಚಳ ತೆಗೆದ ಮೇಲೆ ಕೈ ಹಾಕುವ ಮುಂಚೆ ಅಳೆಯಿರಿ. 230 ವೋಲ್ಟ್ ಎಸಿ ರೆಕ್ಟಿಫೈಯರ್ ದಾಟಿದ ಮೇಲೆ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ದೊಡ್ಡ ಫಿಲ್ಟರ್ ಕೆಪಾಸಿಟರಿನಲ್ಲಿ ಅದು ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಮಲ್ಟಿಮೀಟರನ್ನು 600 ಅಥವಾ 1000 ವೋಲ್ಟ್ ಡಿಸಿಗೆ ಇಟ್ಟು ಅದರ ಎರಡು ಕಾಲಿಗೆ ಹಿಡಿಯಿರಿ. 10 ವೋಲ್ಟಿಗಿಂತ ಹೆಚ್ಚಿದ್ದರೆ 10 ಕಿಲೋ ಓಮ್, 10 ವ್ಯಾಟ್‌ನ ವೈರ್‌ವೌಂಡ್ ರೆಸಿಸ್ಟರಿನ ಎರಡೂ ತುದಿಗೆ ಇನ್ಸುಲೇಟೆಡ್ ವೈರ್ ಬೆಸೆದು, ಹತ್ತು ಹದಿನೈದು ಸೆಕೆಂಡ್ ತಾಗಿಸಿ ಹಿಡಿದು, ಮತ್ತೆ ಅಳೆಯಿರಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಚಾಳಿ ಕೆಲವು ಮೆಕ್ಯಾನಿಕ್‌ಗಳಿಗಿದೆ. ಕಣ್ಣಿಗೂ ಅಪಾಯ, ಕೆಪಾಸಿಟರಿಗೂ ಅಪಾಯ.

ಬೆಸುಗೆಯ ಕೆಲಸ ಸುಲಭ, ಆದರೆ ಅವಸರ ಬೇಡ. 35–40 ವ್ಯಾಟ್‌ನ ಐರನ್, ಸೀಸ ತವರದ 60/40 ಲೆಡ್ ಸಾಕು. ಹಳೆಯ ಬೆಸುಗೆಯ ಮೇಲೆ ಮೊದಲು ಚೂರು ಹೊಸ ಲೆಡ್ ಕರಗಿಸಿ, ಆಮೇಲೆ ಪಂಪಿನಲ್ಲಿ ಹೀರಿ. ಹಾಗೆ ಮಾಡದೆ ಒಣಗಿದ ಬೆಸುಗೆಯನ್ನೇ ಕಾಯಿಸುತ್ತ ಕೂತರೆ ತಾಮ್ರದ ಪ್ಯಾಡ್ ಬೋರ್ಡಿನಿಂದ ಎದ್ದು ಬರುತ್ತದೆ. ರೀಫಾ ಈಗಾಗಲೇ ಒಡೆದಿದ್ದರೆ ಸುತ್ತ ಅಂಟು ಕಂದು ಪದರ ಹರಡಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಪೂರ್ತಿ ತಿಕ್ಕಿ ತೆಗೆಯಿರಿ. ಸುಟ್ಟ ಮಸಿ ಬಿಟ್ಟರೆ ಅದೇ ಮುಂದೆ ಕರೆಂಟು ಹರಿಯುವ ದಾರಿಯಾಗುತ್ತದೆ. ಎಕ್ಸ್2 ಕೆಪಾಸಿಟರಿಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಹಾಕಿದರೂ ಸರಿ. 220 ಮೈಕ್ರೋಫ್ಯಾರಡ್‌ನದಕ್ಕೆ ಇದೆ. ಮೈಮೇಲಿನ ಪಟ್ಟೆ ಇರುವ ಕಾಲು ಮೈನಸ್. ಹಳೆಯದನ್ನು ಕೀಳುವ ಮುಂಚೆ ಪಟ್ಟೆ ಯಾವ ಕಡೆಗಿತ್ತೆಂದು ಬೋರ್ಡಿನ ಮೇಲೆ ಮಾರ್ಕರಿನಲ್ಲಿ ಗುರುತು ಹಾಕಿಕೊಳ್ಳಿ.

ಪರೀಕ್ಷೆಯ ವಿಷಯಕ್ಕೆ ಬಂದರೆ ಕಿಟ್‌ನ ಜೊತೆ ಬರುವ ಹಾಳೆ ತೀರಾ ಬಡವಾಗಿದೆ. ಹಾಕಿ, ಜೋಡಿಸಿ, ಸ್ವಿಚ್ ಹಾಕಿ ಎಂದಷ್ಟೇ ಹೇಳುತ್ತದೆ. ರಿಪೇರಿ ಮಾಡಿದ ಸಪ್ಲೈಯನ್ನು ನೇರವಾಗಿ ಮದರ್‌ಬೋರ್ಡಿಗೆ ಕೊಡುವುದು ಸರಿಯಾದ ಪದ್ಧತಿಯಲ್ಲ. ನಮ್ಮ ಕಡೆಯ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಸೀರೀಸ್ ಬಲ್ಬ್ ಬೋರ್ಡು ಇಲ್ಲಿ ದೇವರಿದ್ದಂತೆ. ಫೇಸಿನ ದಾರಿಯಲ್ಲಿ 100 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಸ್ವಿಚ್ ಮೋಡ್ ಸಪ್ಲೈಗೆ ಲೋಡ್ ಇಲ್ಲದಿದ್ದರೆ ಅಳತೆ ನಂಬುವಂತಿರುವುದಿಲ್ಲ, ಆದ್ದರಿಂದ ಒಂದು ಕೆಂಪು ಮತ್ತು ಒಂದು ಕಪ್ಪು ವೈರಿನ ನಡುವೆ 4.7 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಕಟ್ಟಿ. ಅದು ಒಂದು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ, ಐದು ವ್ಯಾಟ್‌ಗೂ ಮೀರಿ ಕಾಯುತ್ತದೆ. ಹೆಂಚಿನ ಚೂರಿನ ಮೇಲೆ ಇಡಿ, ಮೇಜಿನ ಮೇಲಲ್ಲ. ಪೆಟ್ಟಿಗೆಯ ಮುಚ್ಚಳ ಹಾಕಿ, ದೂರ ನಿಂತು ಸ್ವಿಚ್ ಹಾಕಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯ ಲಕ್ಷಣ. ಪೂರ್ತಿ ಬೆಳಕಿನಲ್ಲಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಕೂಡಲೇ ಆರಿಸಿ. ಬಲ್ಬ್ ಇದ್ದರೂ ಕರೆಂಟು ಹೊಡೆಯದೆ ಬಿಡುವುದಿಲ್ಲ ಎಂಬುದು ನೆನಪಿರಲಿ, ಅದು ಕಾಪಾಡುವುದು ಯಂತ್ರವನ್ನು ಮಾತ್ರ.

ಬಲ್ಬ್ ಮಂಕಾದ ಮೇಲೆ ಕೆಂಪು ಕಪ್ಪು ನಡುವೆ 4.9ರಿಂದ 5.1 ವೋಲ್ಟ್ ಬರಬೇಕು, ನೇರಳೆಯಲ್ಲಿ −5ರ ಆಸುಪಾಸು. ಡಿಸ್ಕ್ ಡ್ರೈವಿಗೆಂದು ಕೊಟ್ಟಿರುವ ಸಾಕೆಟ್ಟಿನಲ್ಲಿ 12 ವೋಲ್ಟೂ ಇರುತ್ತದೆ, ಅದರಿಂದ 1.25 ಆಂಪಿಯರ್‌ವರೆಗೆ ತೆಗೆಯಬಹುದು. 5 ವೋಲ್ಟ್ ಸರಿಯಾಗಿ ನಿಂತರೆ ಬಲ್ಬ್ ತೆಗೆದು, ಇನ್ನೊಂದು 4.7 ಓಮ್ ರೆಸಿಸ್ಟರನ್ನು ಪಕ್ಕದಲ್ಲಿ ಸೇರಿಸಿ. ಈಗ ಎರಡು ಆಂಪಿಯರ್ ದಾಟುತ್ತದೆ. 3.75 ಆಂಪಿಯರ್ ಕೊಡಬಲ್ಲ ಸಪ್ಲೈಗೆ ಇದು ಭಾರವಲ್ಲ. ಇಪ್ಪತ್ತು ನಿಮಿಷ ಹಾಗೇ ಓಡಲಿ. ವೋಲ್ಟೇಜು ಜಾರದಿದ್ದರೆ ಮದರ್‌ಬೋರ್ಡಿಗೆ ಜೋಡಿಸಬಹುದು.

ಜೋಡಿಸಿದ ಮೇಲೆ ಕಿವಿಗೆ ಕೆಲಸ. ಆರೋಗ್ಯವಾಗಿರುವ ಬಿಬಿಸಿ ಮೈಕ್ರೋ ಮೊದಲು ದಪ್ಪ ದನಿಯಲ್ಲಿ ಒಂದು ಕ್ಷಣ ಗುಂಯ್ ಎಂದು, ತಕ್ಷಣ ತೆಳು ದನಿಯ ಬೀಪ್ ಕೊಡುತ್ತದೆ. ದಪ್ಪ ದನಿ ನಿಲ್ಲದೇ ಹಾಗೇ ಉಳಿದರೆ ಪ್ರೊಸೆಸರ್ ಓಡುತ್ತಿಲ್ಲ ಎಂದರ್ಥ. ಆಗ ಐಸಿಗಳನ್ನು ದೂರುವ ಮುಂಚೆ ಬೋರ್ಡಿನ ಮೇಲೆ, ಯಾವುದಾದರೂ ಐಸಿಯ ಕಾಲಿನಲ್ಲೇ 5 ವೋಲ್ಟ್ ಅಳೆಯಿರಿ. 4.75ಕ್ಕಿಂತ ಕೆಳಗಿದ್ದರೆ ತಪ್ಪು ಕನೆಕ್ಟರಿನದು. ನಲವತ್ತು ವರ್ಷದ ಧೂಳು, ಕಿಲುಬು ಸೇರಿ ಆ ಚಪ್ಪಟೆ ಟರ್ಮಿನಲ್ಲುಗಳಲ್ಲೇ 0.2ರಿಂದ 0.3 ವೋಲ್ಟ್ ನುಂಗಿಬಿಡುತ್ತವೆ. ಸಪ್ಲೈ ಕಡೆ 5.0, ಬೋರ್ಡಿನ ಕಡೆ 4.7 ಬಂದರೆ ಬೇರೆಲ್ಲೂ ಹುಡುಕುವ ಅಗತ್ಯವಿಲ್ಲ. ಸಣ್ಣ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಹೆಣ್ಣು ಕನೆಕ್ಟರನ್ನು ಇಕ್ಕಳದಲ್ಲಿ ತುಸು ಬಿಗಿ ಮಾಡಿ. ಅರ್ಧ ಗಂಟೆ ಓಡಿದ ಮೇಲೆ ತಾನಾಗಿ ರೀಸೆಟ್ ಆಗುವ ಯಂತ್ರಗಳಿಗೂ ಬಹುಪಾಲು ಇದೇ ಚಿಕಿತ್ಸೆ. ಯಂತ್ರ ಏಳುತ್ತದೆ, ಚಿತ್ರ ಬರುತ್ತದೆ, ಸೀರಿಯಲ್ ಪೋರ್ಟ್ ಮಾತ್ರ ಮೂಕ ಎಂದಾದರೆ ನೇರಳೆ ವೈರನ್ನು ನೋಡಿ.

ಸಪ್ಲೈ ಒಂಟಿಯಾಗಿ ಚೆನ್ನಾಗಿದ್ದು ಬೋರ್ಡಿಗೆ ಹಾಕಿದಾಗ ಟಿಕ್ ಟಿಕ್ ಎಂದು ಹೊಡೆದುಕೊಂಡರೆ ಲೋಡ್ ಕಡೆ ಶಾರ್ಟ್. ಮೊದಲು ಡಿಸ್ಕ್ ಡ್ರೈವ್ ಕಳಚಿ. ಆಮೇಲೆ ಬೋರ್ಡಿನ ಕೆಂಪು ಕಪ್ಪು ಟರ್ಮಿನಲ್ ನಡುವೆ ಓಮ್ ಅಳೆಯಿರಿ. ಒಂದೆರಡು ಓಮ್‌ಗಿಂತ ಕೆಳಗಿದ್ದರೆ ಬೋರ್ಡಿನಲ್ಲೇ ದೋಷ, ಈ ಕಿಟ್‌ನಿಂದ ಸರಿಹೋಗುವಂಥದ್ದಲ್ಲ.

ಕಿಟ್ ಯೋಚಿಸದ ಇನ್ನೊಂದು ವಿಷಯ ಫ್ಯೂಸ್. ಬ್ರಿಟನ್ನಿನ ಪ್ಲಗ್ಗಿನ ಹೊಟ್ಟೆಯಲ್ಲೇ ಒಂದು ಫ್ಯೂಸ್ ಇರುತ್ತದೆ. ಅಲ್ಲಿ ರೀಫಾ ಒಡೆದರೆ ಆ ಫ್ಯೂಸ್ ಹಾರಿ ಮುಗಿಯಿತು. ನಮ್ಮ ದುಂಡು ತ್ರೀ ಪಿನ್ ಟಾಪ್‌ನಲ್ಲಿ ಫ್ಯೂಸ್ ಇಲ್ಲ. ಬ್ರಿಟನ್ನಿನ ಪ್ಲಗ್ ಕತ್ತರಿಸಿ ನಮ್ಮ ಟಾಪ್ ಹಾಕಿದ ದಿನವೇ ಆ ರಕ್ಷಣೆ ಹೋಯಿತು. ಈಗ ಯಂತ್ರದ ಹೊರಗೆ ಕಾಯುವುದು ಕೋಣೆಯ ಎಂಸಿಬಿ ಮಾತ್ರ, ಹಳೆಯ ಕಟ್ಟಡವಾದರೆ ದಪ್ಪ ತಂತಿ ಸುತ್ತಿದ ಕಟೌಟ್. ಒಂದು ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಗಾಜಿನ ಫ್ಯೂಸ್ ಹೋಲ್ಡರ್ ಕೂರಿಸಿ, 2 ಆಂಪಿಯರ್‌ನ ಸ್ಲೋ ಬ್ಲೋ (ತುಸು ತಡೆದು ಹಾರುವ) ಫ್ಯೂಸ್ ಹಾಕಿ, ಯಂತ್ರವನ್ನು ಅದಕ್ಕೇ ಚುಚ್ಚಿ.

ಅದೇ ಸಾಕೆಟ್ಟಿನ ಅರ್ತ್ ಕೂಡ ನೋಡಿಕೊಳ್ಳಿ. ಸಪ್ಲೈನ ಲೋಹದ ಪೆಟ್ಟಿಗೆಯ ಭದ್ರತೆ ನಿಂತಿರುವುದೇ ಅರ್ತಿನ ಮೇಲೆ. ಫೇಸ್ ಅರ್ತ್ ನಡುವೆ ಫೇಸ್ ನ್ಯೂಟ್ರಲ್‌ನಷ್ಟೇ ವೋಲ್ಟೇಜು, ನ್ಯೂಟ್ರಲ್ ಅರ್ತ್ ನಡುವೆ ಎರಡು ಮೂರು ವೋಲ್ಟಿನೊಳಗೆ ತೋರಿಸಬೇಕು. ಚಿಕ್ಕಬಳ್ಳಾಪುರ, ಕೋಲಾರದ ಒಣ ಕೆಂಪು ಮಣ್ಣಿನಲ್ಲಿ ಮಾರ್ಚಿನಿಂದ ಮಳೆ ಬೀಳುವವರೆಗೆ ಅರ್ತ್ ಗುಂಡಿ ಒಣಗಿ ಕೆಲಸ ನಿಲ್ಲಿಸುವುದುಂಟು. ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು ಹಾಕಿ. ಲೈನಿನ ನ್ಯೂಟ್ರಲ್ ಕಡಿದರೆ ಮನೆಗೆ ನುಗ್ಗುವ ವೋಲ್ಟೇಜಿಗೆ 310 ವೋಲ್ಟಿನ ಕೆಪಾಸಿಟರೂ ತಾಳದು. ಅದಕ್ಕೆ ಹೈ ಲೋ ವೋಲ್ಟೇಜ್ ಕಟಾಫ್ ಇರುವ ಸ್ಟೆಬಿಲೈಸರ್ ಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಈ ಯಂತ್ರ ಓಡಿಸಬೇಡಿ, ಅದರ ಕಡಿದಾದ ಅಲೆ ಫಿಲ್ಟರ್ ಕೆಪಾಸಿಟರಿನಲ್ಲಿ ಬೇಡದ ಕರೆಂಟು ಹರಿಸಿ ಕಾಯಿಸುತ್ತದೆ.

ಹಳೆಯ ಬೋರ್ಡನ್ನೇ ಕಿತ್ತು ಹೊಸ ಸ್ವಿಚ್ ಮೋಡ್ ಮಾಡ್ಯೂಲ್ ಕೂರಿಸುವವರೂ ಇದ್ದಾರೆ. ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಅದೇ ದಾರಿ. ಬರೀ ರೀಫಾ ಹೋದದ್ದಕ್ಕೆ ಹಾಗೆ ಮಾಡುವುದು ಅನ್ಯಾಯ. −5 ವೋಲ್ಟಿಗೆ ಬೇರೆ ವ್ಯವಸ್ಥೆ ಮಾಡಬೇಕಾಗುತ್ತದೆ, ಮೂಲ ಸಪ್ಲೈ ಮೂರು ಬಿಡಿಭಾಗದಲ್ಲಿ ಸರಿಹೋಗುವಾಗ ಅದನ್ನು ಗುಜರಿಗೆ ಹಾಕಬೇಕಾಗುತ್ತದೆ.

ಸೋಲ್ಡರಿಂಗ್ ಕೈಗೆ ಒಗ್ಗಿರುವವರು ಮೇಲೆ ಹೇಳಿದ ಗುರುತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಇಲ್ಲೇ ಕೊಳ್ಳಲಿ. ಮೊದಲ ಸಲ ಮಾಡುವವರಿಗೆ, ಅಂಗಡಿಯಲ್ಲಿ ಸರಿಯಾದದ್ದನ್ನು ಆರಿಸುವ ಧೈರ್ಯ ಇಲ್ಲದವರಿಗೆ ಕಿಟ್ ಸರಿ, 275 ವೋಲ್ಟಿನದಾದರೂ ಬಿರಿದ ರೀಫಾಗಿಂತ ಎಷ್ಟೋ ವಾಸಿ. ಮೇನ್ಸ್ ಕರೆಂಟಿನ ಕೆಲಸ ಗೊತ್ತಿಲ್ಲದವರು ಪೆಟ್ಟಿಗೆ ಬಿಚ್ಚದೆ ಟಿವಿ ರಿಪೇರಿಯವರ ಕೈಗೆ ಕೊಡಲಿ, ಅರ್ಧ ಗಂಟೆಯ ಕೆಲಸ. ಕೊಡುವಾಗ ಎಕ್ಸ್2 ಎಂದು ಬರೆದ ಚೀಟಿಯನ್ನೂ ಕೊಡಿ. ಕೆಲಸ ಮುಗಿದ ಮೇಲೆ ಕಿತ್ತ ರೀಫಾ ಎರಡನ್ನೂ ಕಾಲು ಕತ್ತರಿಸಿ ವಾಪಸ್ ತನ್ನಿ, ಬಿಡಿಭಾಗದ ಡಬ್ಬಿಗೆ ಸೇರಿ ಇನ್ನೊಂದು ಯಂತ್ರಕ್ಕೆ ಹೋಗಬಾರದು.